ಮಂಕಿಟೋಪಿಯೊಳಗಿನ ಮುಖ

ಚೆನ್ನಕೇಶವನ ಆ ದಿನದ ಪಾಡಿಗೆಲ್ಲ ಕಾರಣ, ಕಂಪನಿ ಬಸ್ಸಿನಲ್ಲಿ ಅವನು ಕಣ್ಣು ಮುಚ್ಚಿಕೊಂಡೇ ಆಡಿದ ಒಂದು ಮಾತು.

ಹೊಸೂರಿನ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಶುಕ್ರವಾರ ಬೆಳಗ್ಗೆ ತನ್ನೂರು ಬೇರಿಕೆಗೆ ಮರಳುತ್ತಿದ್ದ ಅವನು, ಹಿಂಡಿ ಬಿಸಾಕಿದ ಬನೀನಿನಂತೆ ಕಿಟಕಿಗೆ ಒರಗಿದ್ದ. ರಾತ್ರಿ ಮೆಷಿನ್ ಮುಂದೆ ನಿಂತಲ್ಲೇ ತೂಕಡಿಸಿ ಸೂಪರ್‌ವೈಸರ್ ಕಣ್ಣಿಗೆ ಬಿದ್ದಿದ್ದ. ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಮಲಗಿರಬಹುದು ಎಂದು ಆತ ಎಚ್ಚರಿಸಿದ್ದ. ಹಾಗಾಗಿ ಚೆನ್ನಕೇಶವನಿಗೆ ಆ ಹಗಲು ನಿದ್ದೆಯೊಂದು ಬಿಟ್ಟು ಬೇರೇನೂ ಬೇಕಿರಲಿಲ್ಲ.

ಪಕ್ಕದಲ್ಲಿದ್ದ ಅವನ ಊರಿನವನೇ ಆದ ನಂದೀಶನಿಗೆ ಬೇರೆಯೇ ಚಿಂತೆ. 'ಗಡಿಬೀದಿ' ಎಂಬ ಕಾಮಿಕ್ಸ್ ಥರದ ಚಿತ್ರಕತೆ ವರ್ಷಗಳಿಂದ ಪ್ರತಿ ಶುಕ್ರವಾರ ಸಂಜೆ ಫೋನಿನಲ್ಲಿ ಬರುತ್ತಿತ್ತು. ಬರೆಯುವವರು ಯಾರೋ, ಎಲ್ಲಿಯವರೋ. ಅದರಲ್ಲೊಬ್ಬರು ಕಣ್ಣೆರಡು ಬಿಟ್ಟು ಮುಖವನ್ನೆಲ್ಲ ಮಂಕಿಟೋಪಿಯಲ್ಲಿ ಮುಚ್ಚಿಕೊಂಡು ನಸುಕಿನಲ್ಲಿ ಬರುತ್ತಿದ್ದರು. ಪಂಚಾಯ್ತಿ ಅಧ್ಯಕ್ಷ ನಿಲ್ಲಿಸಿದ ನೀರನ್ನು ಬಿಟ್ಟು, ಅವನು ಒತ್ತಿದ ಬೇಲಿಯನ್ನು ಹಿಂದಕ್ಕೆ ನೆಟ್ಟು, ಬೆಳಕಾಗುವ ಮುಂಚೆ ಮಾಯವಾಗುತ್ತಿದ್ದರು. ಆ ಮಂಕಿಟೋಪಿ ಯಾರೆಂದು ಬೇರಿಕೆಯಲ್ಲಿ ಓದದವರೂ ತಲೆ ಕೆಡಿಸಿಕೊಂಡಿದ್ದರು. ಇವತ್ತು ಸಂಜೆ ಟೋಪಿ ತೆಗೆಸುತ್ತೇನೆಂದು ಕತೆಗಾರರು ಮಾತು ಕೊಟ್ಟಿದ್ದರು.

"ಕೇಶವಣ್ಣ, ಯಾರಿರ್ಬೋದು? ಮೇಷ್ಟ್ರಾ? ಟೀ ಅಂಗಡಿಯೋನಾ?" ನಂದೀಶ ಭುಜ ಅಲ್ಲಾಡಿಸಿದ.

ಚೆನ್ನಕೇಶವ ಆ ಕತೆಯ ಒಂದು ಚಿತ್ರವನ್ನೂ ನೋಡಿದವನಲ್ಲ. "ಅಧ್ಯಕ್ಷನ ಹೆಂಡ್ತಿ ಕಣ್ಲಾ. ಮನ್ಗಕ್ಕೆ ಬುಡು," ಎಂದ.

ನಂದೀಶ ಬಾಯಿ ಬಿಟ್ಟುಕೊಂಡು ಕೂತ. "ಅಯ್ಯೋ, ಹೌದಲ್ಲಣ್ಣ! ಅದಕ್ಕೇ ಅಧ್ಯಕ್ಷ ಮಾಡೋದೆಲ್ಲ ಮಂಕಿಟೋಪಿಗೆ ಮುಂಚೇನೇ ಗೊತ್ತಾಯ್ತದೆ!" ಎಂದವನೇ, ಊರಿನ ವಾಟ್ಸಾಪ್ ಗುಂಪಿಗೂ ಕತೆಯ ಕೆಳಗಿನ ಕಾಮೆಂಟುಗಳಿಗೂ 'ಬೇರಿಕೆ ಚೆನ್ನಕೇಶವಣ್ಣನ ಊಹೆ' ಎಂದು ಹಾಕಿಯೇಬಿಟ್ಟ.

ಚೆನ್ನಕೇಶವ ಮನೆಗೆ ಬಂದು ಚಾಪೆಗೆ ಬೆನ್ನು ತಾಗಿಸಿದ್ದಷ್ಟೇ, ಹೆಂಡತಿ ಭಾನು ಎಬ್ಬಿಸಿದಳು. "ಎದ್ದೇಳಿ, ತಲೈವರು ಬಂದವ್ರೆ. ಮೊಕ ಬದ್ನೇಕಾಯಿ ಆಗದೆ."

ತಲೈವರೆಂದರೆ ಪಂಚಾಯ್ತಿಯ ಮಾಜಿ ಅಧ್ಯಕ್ಷ ಪಾಪಣ್ಣ. ಪದವಿ ಹೋದರೂ ಆ ತಮಿಳು ಹೆಸರು ಹೋಗಿರಲಿಲ್ಲ. ಚಿತ್ರದ ಅಧ್ಯಕ್ಷನಿಗೂ ತನಗೂ ಒಂದೇ ಮೀಸೆ ಇರುವುದರಿಂದ ಕತೆಯೆಲ್ಲ ತನ್ನದೇ ಎಂದು ಅವರು ಎಂದೋ ತೀರ್ಮಾನಿಸಿದ್ದರು.

"ನನ್ನೆಂಡ್ತಿ ಟೋಪಿ ಹಾಕ್ಕೊಂಡು ಊರು ಸುತ್ತುತಾಳೆ ಅಂದ್ಯಂತೆ?"

"ತಲೈವರೇ, ಅದು ಬೊಂಬೆ ಕತೆ..."

"ಬೊಂಬೆಗೆ ನನ್ನ ಮೀಸೆ ಯಾಕ್ಲಾ ಬಂತು?"

ಮೀಸೆಯ ವಿಚಾರ ಬಗೆಹರಿಸುವಷ್ಟು ಶಕ್ತಿ ಚೆನ್ನಕೇಶವನಲ್ಲಿ ಇರಲಿಲ್ಲ. ಪಾಪಣ್ಣ ಹೇಳಿಕೊಟ್ಟಂತೆಯೇ, 'ಅಧ್ಯಕ್ಷರ ಹೆಂಡ್ತಿ ಮಂಕಿಟೋಪಿ ಅಲ್ಲ, ನಂದು ತಪ್ಪಾಯ್ತು' ಎಂದು ಗುಂಪಿಗೆ ವಾಯ್ಸ್ ಮೆಸೇಜ್ ಕಳಿಸಿ ಮತ್ತೆ ಚಾಪೆಗೆ ಬಿದ್ದ.

ಕಣ್ಣು ಹತ್ತುವಷ್ಟರಲ್ಲಿ ಪಾಪಣ್ಣನ ಹೆಂಡತಿ ರಾಮಲಕ್ಷ್ಮಮ್ಮ ಬಂದು ಬಾಗಿಲಲ್ಲಿ ಕೂತರು. ಅವರ ಮುಖದಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು.

"ಬೆಳಗ್ಗೆ ಹಾಲು ಹಾಕಕ್ಕೆ ಹೋದ್ರೆ ಎಲ್ರೂ ಎದ್ದು ನಿಂತ್ರು ಕಣಪ್ಪ. 'ಅಕ್ಕ, ನಮ್ ಬೀದಿಗೂ ಒಸಿ ನೀರು ಬುಡ್ಸಿ' ಅಂದ್ರು. ಇಷ್ಟು ವರ್ಷದಲ್ಲಿ ನನ್ನ ಯಾರೂ ಏನೂ ಕೇಳ್ದೋರಲ್ಲ. ಮನೆಗೆ ಬರೋವಷ್ಟರಲ್ಲಿ ಅಲ್ಲ ಅಂದ್ಬುಟ್ಯಲ್ಲ. ಯಾಕೆ, ನಂಗೆ ಆ ಯೋಗ್ಯತೆ ಇಲ್ವಾ?"

ಚೆನ್ನಕೇಶವನಿಗೆ ಅಯ್ಯೋ ಅನ್ನಿಸಿತು. "ಐತೆ ಅಕ್ಕ, ಯಾಕಿಲ್ಲ. ನೀವೇ ಇರ್ಬೋದು," ಎಂದ. ಅವರು ಅದನ್ನೂ ಗುಂಪಿನಲ್ಲಿ ಹೇಳಿಸಿದರು. ಹೇಳಿದ ಉಸಿರು ಆರುವ ಮೊದಲೇ ಪಾಪಣ್ಣ ಮತ್ತೆ ಅಂಗಳದಲ್ಲಿದ್ದರು. ಗಂಡಹೆಂಡಿರು ತಮ್ಮ ಮನೆಯಲ್ಲಿ ಆಡಬೇಕಿದ್ದ ಜಗಳವನ್ನು ಇಲ್ಲೇ ಹರವಿಕೊಂಡರು. ಅಕ್ಕಪಕ್ಕದವರು ಅಲಸಂದೆಕಾಯಿ ಬಿಡಿಸುವ ಮೊರದ ಸಮೇತ ಬಂದು ಜಗಲಿಯ ಮೇಲೆ ಜಾಗ ಹಿಡಿದರು.

ಭಾನುವೂ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಅಲ್ಲಾ, ಊರೋರ ಹೆಂಡ್ತಿ ಹೆಸ್ರು ಬಂತು. ನನ್ನೆಸ್ರು ಯಾಕೆ ಬರ್ನಿಲ್ಲ ನಿಮ್ ಬಾಯಿಗೆ?"

"ಟೀ ಅಂಗಡಿಯೋನು!" ಚೆನ್ನಕೇಶವ ಕೈಮುಗಿದು ಕೂಗಿದ. "ಟೀ ಅಂಗಡಿಯೋನೇ ಮಂಕಿಟೋಪಿ! ಎಲ್ರೂ ಹೋಗಿ!"

ಎಲ್ಲರೂ ಹೋದರು, ನೇರವಾಗಿ ಮರಿಸ್ವಾಮಿಯ ಟೀ ಅಂಗಡಿಗೆ. ಮರಿಸ್ವಾಮಿಗೆ ಶೀತದ ಮೈ. ವರ್ಷವಿಡೀ ಮಂಕಿಟೋಪಿ ಹಾಕಿಕೊಂಡೇ ಟೀ ಆರಿಸುವವನು. ಒಬ್ಬರು ಟೋಪಿ ಎಳೆದರು, ಇನ್ನೊಬ್ಬರು ಫೋಟೋ ತೆಗೆದರು. ಈ ನೂಕಾಟದಲ್ಲಿ ಹಾಲು ಉಕ್ಕಿ ಒಲೆ ಆರಿತು. ಮರಿಸ್ವಾಮಿ ಸೌಟು ಹಿಡಿದುಕೊಂಡೇ ಚೆನ್ನಕೇಶವನನ್ನು ಹುಡುಕಿ ಬಂದ. ದನದ ಕೊಟ್ಟಿಗೆಯಲ್ಲಿ ಹುಲ್ಲು ಹೊದ್ದು ಮಲಗಿದ್ದವನನ್ನು ಹಸು ಮೂಸಿ ತೋರಿಸಿಕೊಟ್ಟಿತು.

"ನಿಂಗೇನ್ಲಾ ಮಾಡಿದ್ದೆ ನಾನು? ತಲೇಲಿ ಟೋಪಿ ಇಲ್ಲ, ಒಲೇಲಿ ಹಾಲಿಲ್ಲ!"

ಹಿಂದೆಯೇ ಊರೂ ಬಂತು. ಚೆನ್ನಕೇಶವ ತಲೆಯ ಮೇಲಿನ ಹುಲ್ಲು ಕೊಡವಿಕೊಳ್ಳದೆ ಹೇಳಿದ: "ನಂಗೇನೂ ಗೊತ್ತಿಲ್ರಪ್ಪ. ನಾನು ಆ ಕತೇನೇ ಓದಿಲ್ಲ. ನಿದ್ದೆಗಣ್ಣಲ್ಲಿ ಬಾಯಿಗೆ ಬಂದಿದ್ದು ಅಂದೆ, ಅಷ್ಟೇಯ."

ಅವನ ಕೆಂಪು ಕಣ್ಣು ನೋಡಿ ಪಾಪಣ್ಣನಿಗೂ ಕರುಣೆ ಬಂತೇನೋ. "ಆಯ್ತು, ಸಂಜೆ ಹೆಂಗೂ ಟೋಪಿ ತೆಗೀತಾನೆ. ನೀನು ಅಂದಿದ್ದು ಸುಳ್ಳಾದ್ರೆ ಯಾರೂ ನಿನ್ನ ಬಾಗಿಲು ತಟ್ಟಲ್ಲ," ಎಂದರು.

ಅಷ್ಟೊತ್ತಿಗೆ ಹೊತ್ತು ಇಳಿದಿತ್ತು. ತನ್ನ ಮಾತು ಸುಳ್ಳಾಗಲಿ ಎಂದು ಚೆನ್ನಕೇಶವ ಬೇಡಿಕೊಂಡಷ್ಟು ಭಕ್ತಿಯಿಂದ ಯಾರೂ ಏನನ್ನೂ ಬೇಡಿಕೊಂಡಿರಲಾರರು.

ಸಂಜೆ ಅವನ ಅಂಗಳದಲ್ಲೇ ಎಲ್ಲರೂ ನಂದೀಶನ ಫೋನಿಗೆ ಮುತ್ತಿದರು. ಮಂಕಿಟೋಪಿಯ ಕೈ ಟೋಪಿಯ ಅಂಚಿಗೆ ಹೋಯಿತು. ಟೋಪಿ ಗಲ್ಲದವರೆಗೆ ಎದ್ದಿತು. ಅದರ ಮುಂದಿನ ಚೌಕ ಖಾಲಿ. ಅದರೊಳಗೆ ನಾಲ್ಕು ಸಾಲು. ನಂದೀಶ ಗಟ್ಟಿಯಾಗಿ ಓದಿದ:

"ಓದುಗರು ಕ್ಷಮಿಸಬೇಕು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟನ್ನು ಬೇರಿಕೆಯ ಚೆನ್ನಕೇಶವ ಎಂಬುವವರು ಬೆಳಗ್ಗೆಯೇ ಸರಿಯಾಗಿ ಹೇಳಿಬಿಟ್ಟಿದ್ದಾರೆ. ಎಲ್ಲರಿಗೂ ಗೊತ್ತಾದ ಮುಖವನ್ನು ತೋರಿಸಿ ಏನು ಫಲ? ಮಂಕಿಟೋಪಿ ಇನ್ನು ಮುಂದೆ ಬೇರೆಯವರು. ಕತೆ ಮುಂದುವರಿಯುತ್ತದೆ."

ಒಂದು ಕ್ಷಣ ಹಸುವೂ ಮೆಲುಕು ನಿಲ್ಲಿಸಿತು.

"ಬಾಯಿ ಮುಚ್ಕೊಂಡಿದ್ದಿದ್ರೆ ಇವತ್ತು ಗೊತ್ತಾಗೋಗ್ತಿತ್ತಲ್ಲಣ್ಣ! ಇನ್ನೆಷ್ಟು ವರ್ಷ ಕಾಯಾದು?" ಎಂದು, ಅದನ್ನು ಊರಿಗೆಲ್ಲ ಹಂಚಿದ ನಂದೀಶನೇ ಮೊದಲು ರೇಗಿದ.

ರಾಮಲಕ್ಷ್ಮಮ್ಮನ ಕಣ್ಣು ತುಂಬಿ ಬಂತು. "ನಾನೇ ಆಗಿದ್ದೆ! ನಿನ್ನ ದೆಸೆಯಿಂದ ತೆಗೆದಾಕ್ಬುಟ್ರು."

ಪಾಪಣ್ಣ ಮಾತ್ರ ಹೆಂಡತಿಯಿಂದ ಎರಡು ಹೆಜ್ಜೆ ದೂರ ಸರಿದು ನಿಂತು, ಅವರನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡುತ್ತಿದ್ದರು. ಆಮೇಲೆ ಚೆನ್ನಕೇಶವನ ಪಕ್ಕ ಬಂದು ಕೂತು, ದನಿ ತಗ್ಗಿಸಿ, ಜೋಯಿಸರನ್ನು ಕೇಳುವ ಹಾಗೆ ಕೇಳಿದರು: "ಕೇಶವ, ಈ ಹೊಸಬ ಯಾರಪ್ಪ?"

ಮರಿಸ್ವಾಮಿ ಸೌಟು ಕೆಳಗಿಟ್ಟ. ಭಾನು ಗಂಡನನ್ನು ಗುರಾಯಿಸುತ್ತ ಎದುರಿಗೆ ಕೂತಳು. ಈ ಸಲ ಯಾರ ಹೆಸರು ಬರಬೇಕೆಂದು ಆ ನೋಟದಲ್ಲೇ ಇತ್ತು.

ಬೀದಿ ತುದಿಯಲ್ಲಿ ಕಂಪನಿ ಬಸ್ಸು ಹಾರನ್ ಹೊಡೆಯಿತು. ಚೆನ್ನಕೇಶವನಿಗೆ ದೊಡ್ಡದೊಂದು ಆಕಳಿಕೆ ಬಂತು. ಬಾಯಿ ತೆರೆದರೆ ಎಲ್ಲಿ ಇನ್ಯಾರದಾದರೂ ಹೆಸರು ಹೊರಬೀಳುತ್ತದೋ ಎಂದು ಹೆದರಿ, ಅದನ್ನೂ ನುಂಗಿಕೊಂಡು ಎದ್ದ.