ಬಾಣಂತಿ ಕೋಣೆಯ ಹೆಂಚು ಮತ್ತು ನನ್ನ ರಕ್ಷಣೆ

ಸತ್ಕ್ರಿಯೆಯ ಮಹತ್ವ ಕುರಿತು ಮಾತಾಡುವುದಕ್ಕೆ ಒರಗುಕುರ್ಚಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಬೆನ್ನಿಗೆ ಆಸರೆಯಿರುತ್ತದೆ, ಕಾಲು ಚಾಚಿರುತ್ತದೆ, ಎರಡು ಕೈಯೂ ಖಾಲಿ ಇರುವುದರಿಂದ ವಾದಕ್ಕೆ ತಕ್ಕಂತೆ ಆಡಿಸಬಹುದು. ನನ್ನ ಧರ್ಮಸಭೆಯ ಪರವಾಗಿ ನಾನು ಹೂಡಿದ ವಾದಗಳೆಲ್ಲ ಹಾಸನದ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ, ಅಂಥದೊಂದು ಕುರ್ಚಿಯಲ್ಲಿ ಒರಗಿಕೊಂಡೇ ಹೂಡಿದವು. ನಂಬಿಕೆಯೊಂದೇ ಸಾಲದು, ಮನುಷ್ಯನಾದವನು ಕೈಯಾರೆ ಏನಾದರೂ ಒಳ್ಳೆಯದು ಮಾಡಬೇಕು, ಮಾಡದವನಿಗೆ ರಕ್ಷಣೆ ಎಲ್ಲಿಂದ ಬರಬೇಕು ಎಂದು ನಾನು ಕೇಳುತ್ತಿದ್ದಾಗ ನನ್ನ ಎದುರಾಳಿ ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದರು. ಅಲ್ಲಿಂದಲೇ ಕೂಗಿ ಉತ್ತರ ಕೊಡುತ್ತಿದ್ದರು: "ಮನುಷ್ಯ ಏನೂ ಮಾಡ್ಬೇಕಾಗಿಲ್ಲ ಅಳಿಯಂದ್ರೆ! ಮಾಡೋದೆಲ್ಲ ದೇವ್ರು ಮಾಡಿ ಮುಗ್ಸಿದ್ದಾನೆ! ನಂಬಿದ್ರೆ ಸಾಕು!" ಹಿಂದೆಯೇ ಕೊಡಲಿಯ ಏಟು.

ಈ ಎದುರಾಳಿ ನನ್ನ ಮಾವ ಸಾಲೊಮೋನಯ್ಯನವರು. ಹೊಳೆನರಸೀಪುರದಲ್ಲಿ ಪ್ರೊಟೆಸ್ಟೆಂಟ್ ಉಪದೇಶಿಗಳಾಗಿದ್ದು ನಿವೃತ್ತರಾದವರು. ಕೆಲಸದಿಂದ ಮೋಕ್ಷವಿಲ್ಲ ಎಂಬುದನ್ನು ಸಾರುವುದಕ್ಕಾಗಿ ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಹಳ್ಳಿಹಳ್ಳಿಗೂ ಸೈಕಲ್ ತುಳಿದು, ಜೀವಮಾನವಿಡೀ ಎತ್ತಿನಂತೆ ದುಡಿದವರು. ನಾನು ಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಕ್ಯಾಥೊಲಿಕ್, ಹೆಸರು ಇನ್ನಾಸಪ್ಪ, ಉದ್ಯೋಗ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರುಗಿರಿ. ಸತ್ಕ್ರಿಯೆಯಿಲ್ಲದೆ ಸ್ವರ್ಗವಿಲ್ಲ ಎಂದು ಎಳೆತನದಿಂದ ಬಾಯಿಪಾಠ ಮಾಡಿದವನು. ಬಾಯಿಪಾಠ ಮಾಡಿದ್ದೇ ಒಂದು ಕ್ರಿಯೆಯಾಯಿತು ಎಂದುಕೊಂಡು ಅಲ್ಲಿಗೇ ನಿಲ್ಲಿಸಿದವನು. ನಮ್ಮಿಬ್ಬರ ಸಿದ್ಧಾಂತಗಳು ದಾರಿಯಲ್ಲಿ ಎಲ್ಲೋ ಅದಲುಬದಲಾಗಿ ಒಬ್ಬರದು ಇನ್ನೊಬ್ಬರ ಮನೆಗೆ ಬಂದುಬಿಟ್ಟಿವೆಯೇನೋ ಎಂದು ನನ್ನ ಹೆಂಡತಿ ಸುಗುಣ ಹೇಳುತ್ತಿದ್ದಳು.

ಮಾವನವರಿಗೆ ಸುಗುಣ ಒಬ್ಬಳೇ ಮಗಳು. ನಮ್ಮ ಮದುವೆಗೆ ಎರಡು ಕಡೆಯವರೂ ಮುಖ ಊದಿಸಿಕೊಂಡಿದ್ದರು. ಇಂಥ ಬೆರಕೆ ಮದುವೆಗೆ ನಮ್ಮ ಕ್ಯಾಥೊಲಿಕರಲ್ಲಿ ಪೀಠದ ಮುಂದೆ ಜಾಗವಿಲ್ಲವಾದ್ದರಿಂದ ಗುಡಿಯ ಪಕ್ಕದ ಕೋಣೆಯಲ್ಲಿ, ಮೇಣದಬತ್ತಿಯ ಪೆಟ್ಟಿಗೆಗಳ ನಡುವೆ ನಿಂತು ಉಂಗುರ ಹಾಕಿಕೊಂಡೆವು. ಹುಟ್ಟುವ ಮಕ್ಕಳಿಗೆ ನಮ್ಮ ಗುಡಿಯಲ್ಲೇ ತಲೆಗೆ ನೀರೆರೆದು ಜ್ಞಾನಸ್ನಾನವಾಗಬೇಕು ಎಂದು ಗುರುಗಳು ಕೇಳಿದಾಗ ನಾನು "ಆಗಲಿ ಸ್ವಾಮಿ" ಎಂದೆ. ಸುಗುಣ ತಲೆ ತಗ್ಗಿಸಿದಳು. ಗುರುಗಳು ಅದನ್ನು ಒಪ್ಪಿಗೆ ಎಂದುಕೊಂಡರು. ಹೊಸ ಚಪ್ಪಲಿ ಕಚ್ಚುತ್ತಿತ್ತು, ಅದನ್ನು ನೋಡುತ್ತಿದ್ದೆ ಅಷ್ಟೆ ಎಂದು ಅವಳು ಆಮೇಲೆ ಹೇಳಿದಳು.

ಯುದ್ಧದ ಕಾಲ. ಸೀಮೆಎಣ್ಣೆಗೆ ಪರದಾಟ, ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಸುಗುಣಳಿಗೆ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. ತವರಿಗೆ ಹೋಗೋಣವೆಂದರೆ ತಾಯಿ ತೀರಿಕೊಂಡಿದ್ದರು. ಹೀಗಾಗಿ ತವರೇ ಇದ್ದಿಲು ಬಸ್ಸು ಹತ್ತಿ ನಮ್ಮ ಮನೆಗೆ ಬಂತು. ಬೆಳ್ಳುಳ್ಳಿಯ ಗೊಂಚಲು, ಬೆಲ್ಲ, ಮೆಣಸು, ಹಳೆ ಪಂಚೆ ಹರಿದು ಮಾಡಿದ ಮಗುವಿನ ಬಟ್ಟೆ ಎಲ್ಲ ಹೊತ್ತುಕೊಂಡು ಬಿಳಿ ಮೀಸೆ ಸಮೇತ ಮುಖದ ತುಂಬ ಮಸಿ ಮೆತ್ತಿಕೊಂಡ ಮಾವನವರು ಬಾಗಿಲಲ್ಲಿ ನಿಂತಾಗ ನಗು ಬಂತು. ಬಂದವರು ಕಾಲು ತೊಳೆದುಕೊಂಡು ನೆಟ್ಟಗೆ ಬಾವಿಯ ಹತ್ತಿರ ಹೋಗಿ ನೀರು ಸೇದತೊಡಗಿದರು.

ನಮಗಾಗ ತಪಸ್ಸುಕಾಲ. ಈಸ್ಟರಿನವರೆಗೆ ನಾನು ಕಾಫಿ ಬಿಟ್ಟಿದ್ದೆ. ಕಾಫಿ ಬಿಟ್ಟದ್ದರಿಂದ ತಲೆನೋವು, ತಲೆನೋವಿನಿಂದ ವಿಶ್ರಾಂತಿ, ಹೀಗೆ ಒಂದೇ ತ್ಯಾಗದಿಂದ ಮಿಕ್ಕೆಲ್ಲ ಕೆಲಸಗಳೂ ತಪ್ಪಿದ್ದವು. ಮಾವನವರು ನನ್ನ ಮುಂದೆಯೇ ಹಬೆಯಾಡುವ ಲೋಟ ಹಿಡಿದು, "ನೀವು ಕಾಫಿ ಬಿಟ್ಟಿದ್ದು ನೋಡಿ ದೇವ್ರಿಗೇನು ಸಂತೋಷವೋ ಕಾಣೆ, ನಂಗಂತೂ ಆಗಿದೆ. ನಿಮ್ಮ ಪಾಲೂ ಸಿಕ್ತು" ಎನ್ನುತ್ತಿದ್ದರು. ಅವರು ಬೈಬಲಿನಿಂದ ಒಬ್ಬ ಅಪೊಸ್ತಲನನ್ನು ಕರೆತಂದು ನಿಲ್ಲಿಸಿದರೆ ನಾನು ಅವನೆದುರಿಗೆ ಇನ್ನೊಬ್ಬನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದೆ. ಪಾಪ, ಇದ್ದಾಗ ಅನ್ಯೋನ್ಯವಾಗಿದ್ದ ಆ ಅಪೊಸ್ತಲರು ನಮ್ಮ ಜಗಲಿಯಲ್ಲಿ ಜುಟ್ಟು ಹಿಡಿದು ಬಡಿದಾಡಬೇಕಾಯಿತು.

ಇಷ್ಟಾದರೆ ತೊಂದರೆಯಿರಲಿಲ್ಲ. ಆದರೆ ಮಾತು ಸುತ್ತಿ ಬಳಸಿ ಹುಟ್ಟಲಿರುವ ಮಗುವಿಗೆ ಬಂದು ನಿಂತಿತು. ಗುರುಗಳಿಗೆ ಮಾತು ಕೊಟ್ಟಿದ್ದೇನೆ ಎಂದೆ ನಾನು. ಆ ಮಾತು ಮುರಿದರೆ ಶೆಟ್ಟಿಹಳ್ಳಿಯಲ್ಲಿ ನನ್ನ ಅವ್ವ ನನಗೆ ಅನ್ನ ಇಕ್ಕುವುದು ಅನುಮಾನವಿತ್ತು. ಮಾವನವರು ಮೊದಲ ಸಲ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, "ಮಗಳನ್ನ ನಿಮ್ಗೆ ಕೊಟ್ಟಾಯ್ತು. ಮೊಮ್ಮಗೂನೂ ನನ್ನ ಕೈಬಿಟ್ಟೋದ್ರೆ ನಾನು ಊರೂರು ಸುತ್ತಿ ಸಾರಿದ್ದು ನನ್ನ ಮನೇಲೇ ನಿಲ್ಲಲಿಲ್ಲ ಅಂತಾಗತ್ತೆ ಅಳಿಯಂದ್ರೆ" ಎಂದರು. ಆದರೂ ನಾನು ಸೋಲೊಪ್ಪಲಿಲ್ಲ.

ಸುಗುಣ ಸೊಂಟಕ್ಕೆ ಕೈಕೊಟ್ಟುಕೊಂಡು ಹೊಸಿಲ ಮೇಲೆ ಬಂದು ನಿಂತಳು. ಅವಳಿಗೆ ನಮ್ಮ ಮತತತ್ವಕ್ಕಿಂತ ದೊಡ್ಡದೊಂದು ಚಿಂತೆಯಿತ್ತು. ಬಾಣಂತನಕ್ಕೆಂದು ಆರಿಸಿದ ಕೋಣೆಯ ಮೇಲಿನ ನಾಡಹೆಂಚುಗಳನ್ನು ಕೋತಿಗಳು ಕಿತ್ತು ಚೆಲ್ಲಾಡಿ ಹೋಗಿದ್ದವು. ಮಲಗಿದರೆ ಆಕಾಶ ಕಾಣುತ್ತಿತ್ತು. ಮನೆಯ ಯಜಮಾನರಾದ ಬಸಪ್ಪಶೆಟ್ಟರು ಒಂದು ಗುಡ್ಡೆ ಹೆಂಚು ತಂದು ಅಂಗಳಕ್ಕೆ ಸುರಿದು, "ಎಂಚು ನಂದು, ಅತ್ತಾದು ನಿಮ್ದು ಮೇಷ್ಟ್ರೆ" ಎಂದು ಹೋಗಿದ್ದರು. ಹತ್ತುವ ಕೆಲಸವನ್ನು ನಾನು ತಲೆನೋವಿನ ಲೆಕ್ಕಕ್ಕೆ ಸೇರಿಸಿದ್ದೆ.

"ಇಬ್ರೂ ಕೇಳಿ" ಎಂದಳು ಸುಗುಣ. "ಅಪ್ಪ, ನಂಬಿದ್ರೆ ಸಾಕು ಅಂತೀಯಲ್ಲ, ಮಗು ಹುಟ್ಟೋವರ್ಗೂ ನೀನು ಈ ಮನೇಲಿ ಒಂದು ಕಡ್ಡೀನೂ ಎತ್ತಿ ಆಕಡೆ ಇಡೋ ಹಾಗಿಲ್ಲ. ನಂಬ್ಕೊಂಡು ಕೂತಿರು. ರೀ, ನೀವು ಕೈಯಾರೆ ಮಾಡ್ಬೇಕು ಅಂತೀರಲ್ಲ, ನೀವೇ ಹತ್ತಿ ಆ ಹೆಂಚು ಹೊದಿಸ್ಬೇಕು. ಆಳು ಕರೆಯಂಗಿಲ್ಲ. ಮಳೆ ಬಂದಾಗ ಕೋಣೆ ಸೋರಲಿಲ್ಲ ಅಂದ್ರೆ ಮಗು ನಿಮ್ಮ ಗುಡಿಗೆ. ಸೋರ್ತೋ, ಅಪ್ಪನ ದೇವಾಲಯಕ್ಕೆ. ಇನ್ನು ಈ ವಿಷ್ಯ ನನ್ನ ಕಿವಿ ಮೇಲೆ ಬೀಳಕೂಡದು."

ನಮ್ಮನ್ನು ನಮ್ಮನಮ್ಮ ಸಿದ್ಧಾಂತದಲ್ಲೇ ಕಟ್ಟಿಹಾಕಿಬಿಟ್ಟಳು. ಮಾವನವರು ಗೆಲ್ಲುವುದಕ್ಕೆ ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಸುಮ್ಮನೆ ಕೂರುವುದು ಅವರಿಗೆ ಎಂಥ ಹಿಂಸೆ ಎಂದು ನಾನು ಅಲ್ಲಿಯವರೆಗೆ ಅರಿತಿರಲಿಲ್ಲ. ನನ್ನ ಒರಗುಕುರ್ಚಿಯನ್ನೇ ಬಿಟ್ಟುಕೊಟ್ಟೆ. ಅದರ ತುದಿಯಲ್ಲಿ ಕೂತು ಕೈ ಹಿಸುಕಿಕೊಳ್ಳುತ್ತಿದ್ದರು. ಬಾವಿಯ ರಾಟೆ ಕಿರ್ ಎಂದರೆ ಅರ್ಧ ಏಳುತ್ತಿದ್ದರು, ಮಗಳ ಕಣ್ಣು ನೋಡಿ ಕೂರುತ್ತಿದ್ದರು. ನಮ್ಮ ಗುರುಗಳು ಯಾರಿಗೂ ಇಷ್ಟು ಕಠಿಣವಾದ ಪ್ರಾಯಶ್ಚಿತ್ತ ವಿಧಿಸಿದ್ದನ್ನು ನಾನು ಕೇಳಿಲ್ಲ.

ನನ್ನ ಪಾಡು ಕೇಳಬೇಡಿ. ಏಣಿ ಹತ್ತುವವರೆಗೆ ನಾನು ಸತ್ಕ್ರಿಯೆಯ ಪಕ್ಷದವನಾಗಿದ್ದೆ. ಸೂರಿನ ಮೇಲೆ ಕೋಡುಹೆಂಚು ತಬ್ಬಿ ಕೂತು ಕೆಳಗೆ ನೋಡಿದ ಕ್ಷಣ ಕೈಕಾಲು ಆಡುವುದು ನಿಂತುಹೋಗಿ, ಬರೀ ನಂಬಿಕೆಯೊಂದೇ ನನ್ನನ್ನು ಅಲ್ಲಿ ಹಿಡಿದಿತ್ತು. ಒಂದು ಹೆಂಚು ಇಡಲು ಹೋಗಿ ಮಂಡಿಯಿಂದ ಎರಡು ಒಡೆದೆ. "ಅಂಗಲ್ಲ ಮೇಷ್ಟ್ರೆ, ಕೆಳಗಿನ್ ಸಾಲಿಂದ ಇಡ್ಕಂಡ್ ಬರ್ಬೇಕು ಕಣ್ ಸಾ!" ಎಂದು ಶೆಟ್ಟರು ಬೀದಿಯಿಂದಲೇ ಕೂಗಿದರು. ಮಾವನವರು ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಒಂದೊಂದು ಹೆಂಚು ಲಟಕ್ಕೆಂದಾಗಲೂ ಅವರ ಮುಖ ಹಿಂಡಿದಂತಾಗುತ್ತಿತ್ತು. ಸಂಜೆಯಾಗುವಷ್ಟರಲ್ಲಿ ಕೋತಿಗಳು ಮಾಡಿದ್ದಕ್ಕಿಂತ ದೊಡ್ಡ ಕಿಂಡಿ ಮಾಡಿ ಇಳಿದೆ. ಇಳಿದವನೇ ಗೋಡೆಯ ಮೇಲಿದ್ದ ಸಂತ ಅಂತೋಣಿಯವರ ಪಟಕ್ಕೆ ಕೈಮುಗಿದು, "ಈ ಹೆಂಚೊಂದು ಸರಿಮಾಡಿಸಿಕೊಡಿ, ನನ್ನಷ್ಟೆತ್ತರದ ಮೇಣದಬತ್ತಿ ಹಚ್ಚುತ್ತೇನೆ" ಎಂದು ಹರಕೆ ಹೊತ್ತೆ.

ಬೆಳಗ್ಗೆ ಎದ್ದು ನೋಡುತ್ತೇನೆ, ಕೋಣೆಯಿಂದ ಆಕಾಶ ಕಾಣುತ್ತಿಲ್ಲ! ಅಂಗಳಕ್ಕೆ ಓಡಿದೆ. ಹೆಂಚುಗಳು ಸಾಲುಸಾಲಾಗಿ, ಒಂದರ ಮೈಮೇಲೊಂದು ಒರಗಿ ಮಲಗಿದ್ದವು. ಬೇರೆ ಯಾರೇ ಆಗಿದ್ದರೂ ಯಾವನೋ ಪುಣ್ಯಾತ್ಮ ಹತ್ತಿ ಸರಿಮಾಡಿದ್ದಾನೆ ಎಂದುಕೊಳ್ಳುತ್ತಿದ್ದರು. ಶೆಟ್ಟಿಹಳ್ಳಿಯಲ್ಲಿ ಸಂತರ ಪವಾಡ ಕೇಳುತ್ತಲೇ ಬೆಳೆದ ನನಗೆ ಆ ಯೋಚನೆಯೇ ಬರಲಿಲ್ಲ. ಪಟದ ಮುಂದೆ ಮಂಡಿಯೂರಿ, ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡಿದಿರಾ ಮಾವ ನಮ್ಮ ಸಂತರ ಕೈಚಳಕ?" ಎಂದೆ. ಮಾವನವರು ಪಟವನ್ನೂ ನನ್ನನ್ನೂ ನೋಡಿ, "ಕೆಲ್ಸ ಬಲ್ಲೋರೆ" ಎಂದರು. ಅವರು ಒಬ್ಬ ಸಂತರನ್ನು ಹೊಗಳಿದ್ದು ಅದೇ ಮೊದಲು. ಇನ್ನೇನು ನಮ್ಮ ಕಡೆ ವಾಲಿದರು ಎಂದು ಹಿಗ್ಗಿದೆ.

ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಮಳೆಯೂ ನೋವೂ ಒಟ್ಟಿಗೇ ಬಂದವು. ಆಲಿಕಲ್ಲು ಹೆಂಚಿನ ಮೇಲೆ ಸುರಿಯುತ್ತಿದ್ದರೆ ನಾವಿಬ್ಬರೂ ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದೆವು. ಒಳಗೆ ಸುಗುಣ ಕೂಗಿದಾಗ ನನಗೆ ಜಪಸರದ ಮಣಿಗಳು ಕೈಗೆ ಸಿಗದಾದವು. ಮಾವನವರು ನನ್ನ ತೋಳು ಬಿಗಿಯಾಗಿ ಹಿಡಿದು ಕಿವಿಯಲ್ಲಿ ಪಿಸುಗುಟ್ಟಿದರು: "ನಿಮ್ಮ ಅಂತೋಣಿಯವ್ರಿಗೂ ಒಂದ್ಮಾತು ಹೇಳ್ಬಿಡಿ ಅಳಿಯಂದ್ರೆ. ಯಾರ್ನೂ ಬಿಡಬೇಡಿ." ಆ ಗಳಿಗೆಯಲ್ಲಿ ಆ ಮುದುಕರಿಲ್ಲದ ಸ್ವರ್ಗ ನನಗೂ ಬೇಡ ಎನ್ನಿಸಿತು. ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ಹೆಣ್ಣು. ಸೂಲಗಿತ್ತಿ ಬಾಗಿಲು ತೆರೆದಾಗ ನಾವಿಬ್ಬರೂ ಮಗುವಿಗಿಂತ ಮೊದಲು ಸೂರು ನೋಡಿದೆವು. ಒಂದು ತೊಟ್ಟೂ ಇಳಿದಿರಲಿಲ್ಲ.

"ಸರಿ, ನಿಮ್ಮ ಗುಡಿಗೆ" ಎಂದಳು ಸುಗುಣ ಸುಸ್ತಾದ ದನಿಯಲ್ಲಿ. ಮಾವನವರು ತಲೆದೂಗಿ ಬಾಣಂತಿಗೆ ನೀರು ಕಾಯಿಸಲು ಹೋದರು. ಮರುದಿನ ನಾನು ಮೇಣದಬತ್ತಿ ತರಲು ಹೊರಟಾಗ ಶೆಟ್ಟರು ಬೀದಿಯಲ್ಲಿ ಎದುರಾದರು. ನಾನು ಪವಾಡದ ಕತೆ ಹೇಳಿದೆ. ಶೆಟ್ಟರು ವಿಭೂತಿಯ ಹಣೆಯನ್ನು ಕೆರೆದುಕೊಂಡರು. "ನಿಮ್ ಅಂತೋಣಿಯೋರ್ಗೆ ಬಿಳೀ ಮೀಸೆ ಐತಾ ಸಾ? ಅವತ್ತು ಕೋಳಿ ಕೂಗೋ ಒತ್ನಾಗೆ ನಾನು ಅಸಾ ಕರಿಯಕ್ಕೆ ಓಯ್ತಿದ್ನಾ, ಪಂಚೆ ಎತ್ಕಟ್ಕಂಡು ಮೇಲ್ ಕುಂತಿದ್ರು. ಉಸ್ ಅನ್ಬೇಡ ಕಣಪ್ಪಾ ಅಂತ ನಂಗೇ ಸನ್ನೆ ಮಾಡುದ್ರು."

ಮನೆಗೆ ಬಂದೆ. ಮಾವನವರು ಹಿತ್ತಿಲಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದರು. "ಯಾಕೆ ಹೀಗೆ ಮಾಡಿದಿರಿ ಮಾವ? ಸುಮ್ಮನೆ ಕೂತಿದ್ದರೆ ಮಗು ನಿಮ್ಮದಾಗುತ್ತಿತ್ತಲ್ಲ" ಎಂದೆ. ಅವರು ಬಟ್ಟೆ ಹಿಂಡುತ್ತಲೇ ಹೇಳಿದರು: "ಸುಗುಣ ಹುಟ್ದಾಗ ನಮ್ಮನೆ ಸೋರ್ತಿತ್ತು. ನಾನು ಚನ್ನರಾಯಪಟ್ಟಣದ ಕಡೆ ಬೋಧನೆಗೆ ಹೋಗಿದ್ದೆ. ಬರೋ ಹೊತ್ಗೆ ತಾಯಿ ಮಗು ಒಂದು ಒಣಗಿದ ಮೂಲೇಲಿ ಮುದುರ್ಕಂಡಿದ್ರು. ಈ ಮಗು ಯಾವ ಗುಡೀಗಾದ್ರೂ ಹೋಗ್ಲಿ, ನೆನೀಬಾರ್ದು ಅಷ್ಟೆ." ಸುಗುಣಳಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ. "ಅವ್ಳಿಗೆ ಗೊತ್ತು" ಎಂದರು. "ನೀವು ಕಾಲಿಟ್ರೆ ಹೆಂಚು ಒಡೆಯುತ್ತೆ, ಅವತ್ತು ರಾತ್ರಿ ಮೇಲೆ ಸದ್ದಾದ್ರೂ ಒಂದೂ ಒಡೀಲಿಲ್ಲವಂತೆ. ಮಲಗಿದ್ದಲ್ಲೇ ಲೆಕ್ಕ ಹಾಕಿದ್ದಾಳೆ."

"ಹಾಗಾದರೆ ಕೊನೆಗೆ ಗೆದ್ದದ್ದು ಕ್ರಿಯೆಯೇ ಅಲ್ಲವೇ ಮಾವ?" ಎಂದೆ, ಚಟ ಬಿಡಬೇಕಲ್ಲ. ಅವರು ಬಟ್ಟೆ ಕೊಡವಿ ನನ್ನತ್ತ ತಿರುಗಿದರು. ಬಿಳಿ ಮೀಸೆಯ ಕೆಳಗೆ ನಗು ಮೂಡುತ್ತಿತ್ತು. "ನೀವು ಏನೂ ಮಾಡ್ಲಿಲ್ಲ, ಮಾಡಿದ್ದೂ ಕೆಡಿಸಿದ್ರಿ. ಇನ್ನೊಬ್ಬ ನಿಮ್ಗೋಸ್ಕರ ಹತ್ತಿ ಮಾಡ್ದ. ನೀವು ಬೆಳಗ್ಗೆ ಎದ್ದು ನಂಬಿದ್ರಿ, ನಿಮ್ಗೆ ಸಿಕ್ತು. ಇಷ್ಟು ವರ್ಷದಿಂದ ನಾನು ಸಾರ್ತಿರೋದು ಇನ್ನೇನು ಅಂದ್ಕೊಂಡ್ರಿ ಅಳಿಯಂದ್ರೆ?"

ಮಗಳಿಗೆ ಜ್ಞಾನಸ್ನಾನವಾಯಿತು, ನಮ್ಮ ಗುಡಿಯಲ್ಲೇ. ಮಾವನವರು ಬಾಗಿಲವರೆಗೆ ಬಂದು, ಒಳಕ್ಕೆ ಬಾರದೆ, ಛತ್ರಿ ಹಿಡಿದು ನಿಂತಿದ್ದರು. ಅಂದಿನಿಂದ ನಾನು ಅವರೊಡನೆ ವಾದಿಸಿಲ್ಲ. ಭಾನುವಾರ ಪೂಜೆಗೆ ಹೋಗುತ್ತೇನೆ, ಸಂತರಿಗೆ ಬತ್ತಿ ಹಚ್ಚುತ್ತೇನೆ, ತಪಸ್ಸುಕಾಲದಲ್ಲಿ ಕಾಫಿ ಬಿಡುತ್ತೇನೆ. ಆದರೆ ಮನಸ್ಸಿನೊಳಗೆ ಅವರ ಸಿದ್ಧಾಂತ ಬಹಳ ಮಟ್ಟಿಗೆ ಇಳಿದುಬಿಟ್ಟಿದೆ ಎಂದು ಒಪ್ಪಿಕೊಳ್ಳಬೇಕು. ಈ ವರ್ಷ ಬಚ್ಚಲಮನೆಯ ಮೇಲಿನ ಹೆಂಚು ಸರಿದಿದೆ. ನಾನು ಏಣಿ ಮುಟ್ಟಿಲ್ಲ. ಈಸ್ಟರಿಗೆ ಮಾವನವರು ಬರುತ್ತಾರೆ ಎಂದು ದೃಢವಾಗಿ ನಂಬಿಕೊಂಡು ಕೂತಿದ್ದೇನೆ.