ಈ ಸಲ ಗೆಲ್ಲುವುದು ಇದೇ ಜೋಡಿ!

ಕುಂದಾಪುರದಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ಅಂಗಡಿಯಲ್ಲಿ ಸೀರೆಗಿಂತ ಹೆಚ್ಚು ಖರ್ಚಾಗುವುದು ಮಾತು. ಆ ಮಾತು ಕೇಳಿಯೇ ಇರಬೇಕು, ಚಳಿಗಾಲ ಬಂತೆಂದರೆ ಯಾರಾದರೂ ಬಂದು ಕಂಬಳದ ಮೈಕು ಕೈಗೆ ಕೊಡುತ್ತಾರೆ. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು ಒಂದೇ: ಓಡುವುದು ನಾಲ್ಕು ಕಾಲಿನವು, ಎಡವುವುದು ಮಾತ್ರ ಯಾವುದು ಗೆಲ್ಲುತ್ತದೆಂದು ಮೊದಲೇ ಹೇಳುವ ಎರಡು ಕಾಲಿನವರು. ಅಷ್ಟಾದರೂ ಹೇಳುವವರು ಬಿಡುವುದಿಲ್ಲ, ಕೇಳುವವರಿಗೂ ಬುದ್ಧಿ ಬರುವುದಿಲ್ಲ.

ಡರ್ಬಿ ಕುದುರೆ

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ನನ್ನ ಸೋದರಮಾವ ಮುಂಬೈ ಬಿಟ್ಟು ಊರಿಗೆ ಬಂದು ನೆಲೆಸಿದ್ದರು. ಬಹಳ ವರ್ಷ ಅಲ್ಲಿ ಕುದುರೆ ರೇಸಿನ ಮೈದಾನದ ಹತ್ತಿರದ ಕ್ಯಾಂಟೀನಿನಲ್ಲಿ ಚಹಾ ಮಾಡಿದವರು. ಹಾಗಾಗಿ ಕುದುರೆಯ ವಿಷಯದಲ್ಲಿ ನಮ್ಮ ಬೀದಿಗೆಲ್ಲ ಅವರ ಮಾತೇ ಕೊನೆ. ನಮ್ಮಲ್ಲಿ ಬೇರೆ ಯಾರೂ ಮದುವೆ ಮೆರವಣಿಗೆಯದ್ದು ಬಿಟ್ಟರೆ ಕುದುರೆ ಕಂಡವರಲ್ಲ.

ಆ ವರ್ಷದ ಡರ್ಬಿ ರೇಸಿಗೆ ಎಲ್ಲರ ಅಚ್ಚುಮೆಚ್ಚಿನ ಕುದುರೆ ಒಂದಿತ್ತು. ಮಾವ ನನ್ನ ಅಂಗಡಿಯ ಸ್ಟೂಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, "ಪಕ್ಕಾ! ಅದ್ನ ಹಿಂದೆ ಹಾಕು ಕುದ್ರಿ ಇನ್ನೂ ಹುಟ್ಲಿಲ್ಲ. ಸೋತ್ರೆ ಇಡೀ ಬೀದಿಗೆ ನಂದ್ ಗೋಳಿಬಜೆ" ಎಂದರು.

ರೇಸಿನ ಸಂಜೆ ಪಕ್ಕದ ಎಸ್‌ಟಿಡಿ ಬೂತಿನ ಎದುರು ಜಾತ್ರೆಯ ಹಾಗೆ ಜನ. ಮುಂಬೈಯಿಂದ ಮಾವನ ಮಗ ಫೋನು ಮಾಡಿದ. ಮಾವ ಕೇಳಿದರು, ಕೇಳಿದರು, ಮೆಲ್ಲಗೆ ರಿಸೀವರ್ ಇಟ್ಟರು. ಓಟ ಶುರುವಾಗುವ ಬಾಗಿಲು ತೆರೆದಾಗ ಉಳಿದ ಕುದುರೆಗಳೆಲ್ಲ ಹಾರಿ ಹೋದವಂತೆ. ನಮ್ಮದು ಇದ್ದಲ್ಲಿಂದ ಒಂದು ಹೆಜ್ಜೆಯನ್ನೂ ಇಡಲಿಲ್ಲವಂತೆ.

"ಎಂತ ಮಾವ, ಗೋಳಿಬಜೆ?" ಎಂದು ಬೀದಿಯೇ ಕೂಗಿತು.

ಮಾವ ಪಂಚೆ ಕೊಡವಿ ಎದ್ದು ನಿಂತರು. "ಎಂತಕ್ಕೆ ಗೋಳಿಬಜೆ? ಓಡಿ ಸೋತ್ರೆ ಅಲ್ದಾ ನಾ ಕೊಡುದ್? ಅದ್ ಓಡ್ಲೇ ಇಲ್ಯಲೆ! ಓಡದಿದ್ ಕುದ್ರಿ ಸೋಲುದ್ ಹ್ಯಾಂಗೆ?"

ಕೊನೆಗೆ ಅವತ್ತು ನಾವೇ ಸೇರಿ ಮಾವನಿಗೆ ಗೋಳಿಬಜೆ ತಿನ್ನಿಸಿದೆವು.

ಹೇಳಿದಲ್ಲಿಗೇ ಬಂತು

ನಾನು ಮೊದಲ ಸಲ ಮೈಕು ಹಿಡಿದದ್ದು ಬೈಂದೂರು ಕಡೆಯ ಒಂದು ಕಂಬಳದಲ್ಲಿ. ಗದ್ದೆಯ ಕೊನೆಯಲ್ಲಿ, ಕೋಣಗಳು ಓಡಿ ಮುಟ್ಟುವ ಜಾಗದ ಪಕ್ಕ, ನಾಲ್ಕು ಅಡಿಕೆ ಕಂಬ ನೆಟ್ಟು ಹಲಗೆ ಹಾಸಿ ನನಗೊಂದು ಅಟ್ಟಣಿಗೆ ಮಾಡಿದ್ದರು. ಹೊಸ ಅಂಗಿ, ಇಸ್ತ್ರಿ ಹಾಕಿದ ಬಿಳಿ ಪಂಚೆ.

ಜನರೆಲ್ಲ ಕಾಯುತ್ತಿದ್ದ ಜೋಡಿ ಗದ್ದೆಗೆ ಇಳಿಯಿತು. ನನಗೆ ಮೈಮೇಲೆ ಬಂದ ಹಾಗಾಯಿತು. "ಬಂಧುಗಳೇ, ಈ ಜೋಡಿ ಎಡಕ್ಕೂ ನೋಡುವುದಿಲ್ಲ, ಬಲಕ್ಕೂ ನೋಡುವುದಿಲ್ಲ. ನೀವು ಕಣ್ಣು ಮುಚ್ಚಿ ತೆರೆಯುವುದರೊಳಗೆ ನಾನು ನಿಂತ ಈ ಜಾಗಕ್ಕೆ ಬರದಿದ್ದರೆ ಕೇಳಿ!"

ಬಂದವು. ಮುಕ್ಕಾಲು ಗದ್ದೆಯವರೆಗೆ ನೆಟ್ಟಗೆ ಬಂದವು, ಆಮೇಲೆ ಅಂಚು ಹತ್ತಿ ನನ್ನ ಕಡೆಗೇ ತಿರುಗಿದವು. ನಾನು ಮೈಕಿನಲ್ಲಿ, "ಬಂತು, ಬಂತು, ಬಂತು... ಅಯ್ಯಬ್ಯಾ, ಇಲ್ಲೇ ಬಂತ್ ಮಾರಾಯ್ರೇ!" ಎನ್ನುವಷ್ಟರಲ್ಲಿ ಕಂಬಕ್ಕೆ ಕೋಣದ ಭುಜ ತಾಗಿ ಅಟ್ಟಣಿಗೆ ಮಗುಚಿತು. ನಾನು ಕೆಸರಿಗೆ. ಮೈಕು ಕೈ ಬಿಟ್ಟಿರಲಿಲ್ಲ. ನಾನು ಅಮ್ಮನನ್ನು ಕರೆದದ್ದು ಎರಡು ಊರಿಗೆ ಕೇಳಿತಂತೆ.

ಮುಖ ಮೋರೆ ಎಲ್ಲ ಕೆಸರಾಗಿ ಎದ್ದಾಗ, ಇನ್ನು ನನಗೆ ಯಾರೂ ಮೈಕು ಕೊಡುವುದಿಲ್ಲ ಎಂದುಕೊಂಡೆ. ಕಂಬಳದ ಯಜಮಾನರು ಬಂದು ಕೈ ಹಿಡಿದು ಎತ್ತಿದರು.

"ಹ್ವಾಯ್, ಬಪ್ಪೊರ್ಷವೂ ನೀವೇ ಬರ್ಕ್. ಇಷ್ಟ್ ವರ್ಷದಲ್ ಹೇಳಿದ್ದ್ ಹೇಳ್ದ್ ಹಾಂಗೇ ಆದ್ದ್ ಇದೇ ಮೊದ್ಲ್!"

ಜೋಯಿಸರ ಲೆಕ್ಕ

ಬ್ರಹ್ಮಾವರದ ಹತ್ತಿರ ಅಕ್ಕಪಕ್ಕದ ಎರಡು ಮನೆಯವರಿಗೆ ಒಂದೊಂದು ಜೋಡಿ ಕೋಣ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಬ್ಬರೇ ಜೋಯಿಸರ ಹತ್ತಿರ ಹೋಗಿ ಕೇಳಿದರು. ಜೋಯಿಸರು ಕವಡೆ ಹಾಕಿ ಇಬ್ಬರಿಗೂ ಒಂದೇ ಮಾತು ಹೇಳಿದರು: "ಕಪ್ಪು ಬಣ್ಣದ ಜೋಡಿಗೆ ಜಯವಿದೆ."

ಇಬ್ಬರೂ ಖುಷಿಯಿಂದ ಬಂದು ಮೊದಲೇ ಬ್ಯಾಂಡಿನವರಿಗೆ ಹೇಳಿದರು. ಕಂಬಳದ ದಿನ ಗದ್ದೆಯ ಆಚೆ ಒಂದು ಬ್ಯಾಂಡು, ಈಚೆ ಒಂದು ಬ್ಯಾಂಡು. ಗೆದ್ದದ್ದು ಒಂದೇ ಜೋಡಿ. ಸೋತ ಯಜಮಾನರು ಸಿಟ್ಟಿನಿಂದ ನೇರ ಜೋಯಿಸರ ಮನೆಗೆ ಹೋದರು. ಗಲಾಟೆಯಾದರೆ ಬಿಡಿಸುವುದಕ್ಕೆಂದು ನಾನೂ ಜೊತೆಗೆ ಹೋದೆ.

ಜೋಯಿಸರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, "ಗೆದ್ದ ಕೋಣದ ಬಣ್ಣ ಎಂತದ್?"

"ಕಪ್ಪ್."

"ಮತ್ತೆ ನಾ ಹೇಳಿದ್ದರಲ್ ತಪ್ಪೆಂತ?"

ಯಜಮಾನರು ತಿರುಗಿ ಹೊರಟರು. ಹಿಂದೆ ಬರುವಾಗ ದಾರಿಯಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಅವ್ರ್ ಹೇಳಿದ್ದ್ ಸಮವೇ ಮಾರಾಯ್ರೆ. ನಮ್ ಒಂದ್ ಕೋಣದ್ ಬಾಲ ಸ್ವಲ್ಪ ಕೆಂಚು. ನಂಗ್ ಆಗ್ಳಿಕೇ ಡೌಟಿತ್ತ್" ಎಂದರು.

ಗೆದ್ದವರಿಗೆ ಮೊದಲು

ಇಷ್ಟೆಲ್ಲ ಕಂಡ ಮೇಲೂ ನನ್ನ ಎದೆ ಹೊಡೆದುಕೊಂಡದ್ದು ಒಂದೇ ಓಟಕ್ಕೆ. ಅದು ನನ್ನ ಸ್ವಂತ ಅಕ್ಕನ ಮನೆಯ ಕೋಣಗಳ ಓಟ.

ಅಕ್ಕನನ್ನು ಕೊಟ್ಟದ್ದು ಶಂಕರನಾರಾಯಣ ಎಂಬ ಊರಿನ ಕಡೆಗೆ. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಕೋಣ ಸಾಕುತ್ತಾರೆ, ಮೂರು ತಲೆಮಾರಿನಿಂದಲೂ ಎರಡನೇ ಬಹುಮಾನ. ಆ ವರ್ಷ ಮಾತ್ರ ಯಾರ ಬಾಯಲ್ಲಿ ಕೇಳಿದರೂ "ಈ ಸಲ ಗೆಲ್ಲುವುದು ಇದೇ ಜೋಡಿ". ಅಕ್ಕ ಅವುಗಳಿಗೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಮಕ್ಕಳ ಹಾಗೆ ನೋಡಿಕೊಂಡಿದ್ದಳು. ಅವರ ಊರಿನಲ್ಲೇ ನಡೆದ ಓಟದ ದಿನ, ಭಾವ ಕರೆದರೂ ಅವಳು ಬರಲಿಲ್ಲ. "ನಾ ಬಂದ್ ಕಂಡಲ್ಲೆಲ್ಲ ಸೋತಿತ್. ನೀವ್ ಹೋಯ್ ಬನ್ನಿ" ಎಂದಳು. ಕೆಟ್ಟ ಸುದ್ದಿ ಬರಬಾರದೆಂದು ಫೋನಿನ ರಿಸೀವರನ್ನೂ ತೆಗೆದು ಕೆಳಗಿಟ್ಟಳು.

ಕೊನೆಯ ಓಟ. ಎರಡು ಜೋಡಿ ಪಕ್ಕಪಕ್ಕ. ಮೈಕು ನನ್ನ ಕೈಯಲ್ಲಿತ್ತು. ನೀರು ಆಳೆತ್ತರ ಹಾರುತ್ತಿತ್ತು, ಯಾವುದು ಮುಂದೆ ಯಾವುದು ಹಿಂದೆ ಒಂದೂ ಕಾಣುತ್ತಿರಲಿಲ್ಲ. ಗುರಿ ಮುಟ್ಟುವಾಗ ಒಂದು ಮೂತಿಯಷ್ಟು ಅಂತರ. ನಮ್ಮದೇ ಮೂತಿ! ಭಾವ ಮುಂಡಾಸು ತೆಗೆದು ಆಕಾಶಕ್ಕೆ ಎಸೆದರು. ಅದು ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ.

ಆದರೆ ಕೋಣಗಳಿಗೆ ಗೆದ್ದ ಸುದ್ದಿ ಯಾರೂ ಹೇಳಲಿಲ್ಲವಲ್ಲ! ಓಡಿಸುವವನು ಜಾರಿ ಬಿದ್ದ, ಹಿಡಿಯಲು ನಿಂತವರು ಹೆದರಿ ದಾರಿ ಬಿಟ್ಟರು. ಅವು ಗದ್ದೆ ದಾಟಿ, ರಸ್ತೆ ಹಿಡಿದು, ಸೀದಾ ಮನೆಗೇ ಓಡಿದವು.

ಅಂಗಳದಲ್ಲಿ ಒಬ್ಬಳೇ ಇದ್ದ ಅಕ್ಕನಿಗೆ ಕಂಡದ್ದು ಮೈಯೆಲ್ಲ ಕೆಸರಾಗಿ, ಜನ ಇಲ್ಲದೆ, ಏದುಸಿರು ಬಿಡುತ್ತಾ ಬಂದ ಎರಡು ಕೋಣ. ಕಂಬಳ ಬಿಟ್ಟು ಓಡಿ ಬಂದವೆಂದೇ ತಿಳಿದಳು. "ಮೂರ್ ತಲೆಮಾರಲ್ ಓಡಿ ಸೋತದ್ದಿತ್ತ್, ಹೆದ್ರಿ ಓಡಿ ಬಂದದ್ದಿಲ್ಲೆ! ಮರ್ಯಾದಿ ತೆಗ್ದ್ರಿಯಲ್ಲ!" ಎಂದು ಚೆನ್ನಾಗಿ ಬೈದು, ಹಟ್ಟಿಗೆ ಕಟ್ಟಿ, ಬೇಯಿಸಿಟ್ಟ ಹುರುಳಿಯನ್ನೂ ಕೊಡದೆ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ನಾವು ಡೋಲು ಬಡಿಯುತ್ತಾ, ಕಪ್ ಹೊತ್ತುಕೊಂಡು, ಊರು ತುಂಬ ಜನರ ಜೊತೆ ಬಂದರೆ ಬಾಗಿಲು ಬಂದ್.

"ಅಕ್ಕಾ, ಬಾಗ್ಲ್ ತೆಗಿ!"

"ನಗಾಡೂಕೆ ಡೋಲ್ ಬೇರೆ ತಂದ್ರ್ಯಾ? ಹೊರ್ಡಿ ಇಲ್ಲಿಂದ!"

"ಗೆದ್ದಿತ್ ಅಕ್ಕಾ! ಫಸ್ಟ್!"

ಕಿಟಕಿ ಒಂದು ಬೆರಳಿನಷ್ಟು ತೆರೆಯಿತು. ಭಾವ ಕಪ್ ಎತ್ತಿ ಹಿಡಿದರು. ಚಿಲಕ ಸರಿಯಿತು, ಬಾಗಿಲು ತೆರೆಯಿತು. ಅಕ್ಕ ನಮ್ಮಲ್ಲಿ ಯಾರ ಮುಖವನ್ನೂ ನೋಡದೆ ಜನರ ನಡುವೆ ನುಗ್ಗಿ ಹಟ್ಟಿಗೆ ಓಡಿದಳು. ಎರಡೂ ಕೋಣದ ಕುತ್ತಿಗೆ ತಬ್ಬಿ, "ತಪ್ಪಾಯ್ತ್ ಮಕ್ಳೇ, ತಪ್ಪಾಯ್ತ್" ಎಂದು ಅತ್ತಳು. ಭಾವನೂ ಅತ್ತರು. ನಾನೂ.

ಆಮೇಲೆ ಕಣ್ಣೊರೆಸಿಕೊಂಡು ಒಳಗಿಂದ ಹುರುಳಿಯ ಕಡಾಯಿ ಎತ್ತಿಕೊಂಡು ಹಟ್ಟಿಗೆ ಹೊರಟಳು. "ಎಲ್ರೂ ಕೂಕಣಿ. ಊಟ ಹಾಕ್ತೆ. ಮೊದ್ಲ್ ಗೆದ್ದವ್ರಿಗೆ."

ಕೋಣ ಓಡಿಸಿದವನು, ತಲೆಯಿಂದ ಕಾಲಿನವರೆಗೆ ಕೆಸರಾದವನು, ಹಸಿವು ತಡೆಯಲಾರದೆ ಮುಂದೆ ಬಂದ. "ಅಕ್ಕಾ, ಗೆದ್ದವ್ರಲ್ ನಾನೂ ಇದ್ದೆ. ನಾನೂ ಓಡಿದ್ದೆ!"

ಅಕ್ಕ ಕೋಣಗಳನ್ನೊಮ್ಮೆ ನೋಡಿ, ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಓಡಿದ್ದ್ ಹೌದ್ ಮಾರಾಯಾ. ಆದ್ರೆ ನೀನ್ ಇವ್ರ ಹಿಂದೆ ಅಲ್ದಾ ಬಂದದ್ದ್?"