ಬೀಳದ ಗೋಲ್‌ಕೀಪರ್

ನಮ್ಮ ಕಾಲೇಜಿನ ಫುಟ್ಬಾಲಿನಲ್ಲಿ ಆಡುವವರಿಗಿಂತ ಆಡಿಸುವವರ ಆಟವೇ ಜೋರು. ನಾನಿದ್ದ ಮೂರು ವರ್ಷವೂ ಹಾಗೇ ನಡೆಯಿತು. ಅದರಲ್ಲಿ ನೆನಪಿರುವ ಮೂರು ಪ್ರಸಂಗಗಳನ್ನು ಬರೆದಿಟ್ಟಿದ್ದೇನೆ.

೧. ಗ್ಯಾಲರಿ

ಬಿ.ಎಸ್ಸಿ. ಮುಗಿಸಿ, ಹೊನ್ನಾವರಕ್ಕೂ ಕುಮಟೆಗೂ ನಡುವಿನ ಒಂದು ಹೊಸ ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ಪ್ರಿನ್ಸಿಪಾಲರು, "ನಿಮಗೆ ಅಳತೆ ಗೊತ್ತುಂಟಲ್ಲ, ಫುಟ್ಬಾಲ್ ನೀವೇ ನೋಡಿಕೊಳ್ಳಿ" ಎಂದರು.

ಮೊದಲ ದಿನವೇ ಟೇಪು ಹಿಡಿದು ಮೈದಾನ ಅಳೆದೆ. ಆಡಳಿತ ಮಂಡಳಿಯ ಅಧ್ಯಕ್ಷರು ಮುಂದೆ ನಿಂತು ಕಟ್ಟಿಸಿದ್ದ ಚಿರೆಕಲ್ಲಿನ ಗ್ಯಾಲರಿ, ಮೈದಾನದ ಗೆರೆಯಿಂದ ಮೂರು ಗಜ ಒಳಗೆ ಕೂತಿತ್ತು. ಹೋಗಿ ಅಧ್ಯಕ್ಷರಿಗೇ ಹೇಳಿದೆ.

"ಎಂತ ಮಾರಾಯ್ರೆ! ಗ್ಯಾಲರಿ ಕಲ್ಲಿಂದು, ಗೆರೆ ಸುಣ್ಣದ್ದು. ಯಾವುದನ್ನ ಸರಿಸೋದು ಸುಲಭ?"

ವಾದದಲ್ಲಿ ತಪ್ಪು ಕಾಣಲಿಲ್ಲ. ಗೆರೆಯನ್ನು ಆಚೆ ಬದಿಗೆ ಸರಿಸಿದೆ. ಆಚೆ ಬದಿಯಲ್ಲಿ ಬಾವಿ ಇತ್ತು. ಆ ವರ್ಷ ಆ ಬದಿಗೆ ಆಡಿದವರೆಲ್ಲ ಚೆಂಡಿಗಿಂತ ಬಾವಿಯನ್ನೇ ಹೆಚ್ಚು ನೋಡಿದರು.

೨. ಬೂಟು

ನಮ್ಮ ಗೋಲ್‌ಕೀಪರ್ ಮಾವಿನಕುರ್ವೆಯ ಮೀನುಗಾರರ ಮನೆಯ ಹುಡುಗ, ಕೊನೆಯ ವರ್ಷದ ವಿದ್ಯಾರ್ಥಿ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರಿಗೆ ಆಗ ಮುಂಬಯಿಯ ಗಿರಣಿಗಳಲ್ಲಿ ಕೆಲಸ ಸಿಗುತ್ತಿತ್ತು. ಅವನಿಗೆ ಬೇಕಿದ್ದದ್ದು ಅದೊಂದೇ. ಅವನಪ್ಪ ಮೊದಲೇ ಹೇಳಿದ್ದ: "ಈ ವರ್ಷ ನೋಡು. ಆಗದಿದ್ರೆ ದೋಣಿಗೆ ಬಾ."

ಭಟ್ಕಳದ ಪಂದ್ಯಕ್ಕೆ ಬೂಟು ಕಡ್ಡಾಯವಾಗಿತ್ತು. ಕಾಲೇಜಿನ ಗುಮಾಸ್ತರು ಹನ್ನೊಂದು ಜೊತೆ ತರಿಸಿದರು. ಎಲ್ಲವೂ ಒಂದೇ ಅಳತೆ, ಅವರ ಸ್ವಂತ ಕಾಲಿನದು. ಕೀಪರ್‌ಗೆ ಅದು ಕಾಲಿಗೆ ಹಿಡಿಸಲಿಲ್ಲ. ಬಿಚ್ಚಿ ಗೋಲಿನ ಕಂಬದ ಪಕ್ಕ ಇಟ್ಟ.

"ಬೂಟು ಎಲ್ಲಿ?" ಎಂದರು ರೆಫರಿ.

"ಇಲ್ಲೇ ಇದೆ ಸರ್. ನಂದು ಕೈ ಕೆಲಸ, ಕಾಲಿಗೆ ಎಂತಕ್ಕೆ?"

ರೆಫರಿ ಅವನನ್ನು ಹೊರಗೆ ಕೂರಿಸಿದರು. ಬೂಟು ಹಿಡಿಸಿದ್ದ ಇನ್ನೊಬ್ಬ ಗೋಲಿಗೆ ನಿಂತ. ವಾಪಸು ಬರುವಾಗ ಶರಾವತಿ ದಾಟಿಸುತ್ತಿದ್ದ ಅಂಬಿಗ ಕೇಳಿದ, "ಎಷ್ಟು ಗೋಲು?"

"ಆರು."

"ಹೊಡೆದದ್ದೋ?"

"ಅಲ್ಲ," ಎಂದ ಕೀಪರ್, "ಬೂಟು ಹಾಕ್ಕೊಂಡು ತಿಂದದ್ದು."

೩. ಆಯ್ಕೆ

ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸಲು ಘಟ್ಟದ ಮೇಲಿನಿಂದ ಇಬ್ಬರು ಬಂದರು. ಅಧ್ಯಕ್ಷರ ಭಾಷಣವಾಗಿ ಆಟ ಶುರುವಾಯಿತು. ನಮ್ಮ ಬ್ಯಾಕ್ ಆಟಗಾರರಿಬ್ಬರು ಚೆಂಡನ್ನು ಗೋಲಿನ ಹತ್ತಿರ ಸುಳಿಯಲೇ ಬಿಡಲಿಲ್ಲ. ಅರ್ಧ ಆಟ ಮುಗಿದರೂ ಕೀಪರ್ ಚೆಂಡು ಮುಟ್ಟಿರಲಿಲ್ಲ. ಬಂದವರಲ್ಲೊಬ್ಬರು ತೂಕಡಿಸುತ್ತಿದ್ದರು.

ನಾನು ಲೆಕ್ಕ ಹಾಕಿದೆ. ಚೆಂಡು ಬಾರದೆ ಇವನನ್ನು ಅವರು ನೋಡುವುದು ಹೇಗೆ? ವಿರಾಮದಲ್ಲಿ ಬ್ಯಾಕ್‌ಗಳನ್ನು ಕರೆದು, "ಸ್ವಲ್ಪ ಬಿಡಿ, ಚೆಂಡು ಬರಲಿ" ಎಂದೆ.

"ಆತು ಸರ್," ಎಂದರು. ಪೂರ್ತಿ ಬಿಟ್ಟರು. ಎದುರು ತಂಡದ ಒಬ್ಬನೇ ಹುಡುಗ ಒಂಬತ್ತು ಸಲ ನುಗ್ಗಿ ಬಂದು ಹೊಡೆದ. ಅವನ ಕಾಲು ಯಾವ ಕಡೆ ತಿರುಗುತ್ತದೆಂದು ನೋಡಿ ನಮ್ಮವನು ಎರಡು ಹೆಜ್ಜೆ ಮೊದಲೇ ಅಲ್ಲಿ ನಿಂತಿರುತ್ತಿದ್ದ. ಒಂಬತ್ತನ್ನೂ ಹಿಡಿದ. ಒಂದು ಗೋಲಿನಿಂದ ಗೆದ್ದೆವು.

ಎರಡು ವಾರಕ್ಕೆ ಪತ್ರ ಬಂತು. ಒಂಬತ್ತು ಸಲ ಗೋಲಿನವರೆಗೆ ನುಗ್ಗಿದ ಎದುರು ತಂಡದ ಹುಡುಗ ಆಯ್ಕೆಯಾಗಿದ್ದ. ನಮ್ಮವನ ಬಗ್ಗೆ ಒಂದು ಸಾಲಿತ್ತು: "ಗೋಲ್‌ಕೀಪರ್ ನಿಂತಲ್ಲಿಗೇ ಚೆಂಡು ಬಂದುದರಿಂದ ಆತನ ಸಾಮರ್ಥ್ಯ ತಿಳಿಯಲಿಲ್ಲ."

ಅವನು ಎರಡು ಸಲ ಓದಿದ. "ಸರ್, ಒಂದೆರಡು ಸಲ ಹಾರಿ ಬೀಳಬೇಕಿತ್ತೇನೋ," ಎಂದ. ಬ್ಯಾಕ್‌ಗಳಿಗೆ ಚೆಂಡು ಬಿಡಿ ಎಂದು ಹೇಳಿದವನು ನಾನೇ.

ಪರೀಕ್ಷೆ ಮುಗಿದ ದಿನ ಅವನಪ್ಪ ಕರೆದೊಯ್ಯಲು ಬಂದ.

"ಆ ಆಟದಲ್ಲಿ ಎಷ್ಟು ಗೋಲು ಬಿಟ್ಟಿದ್ದ ಸರ್, ಇವ?"

"ಒಂದೂ ಇಲ್ಲ."

"ಮತ್ತೆ ಎಂತಕ್ಕೆ ಬೇಡ ಅಂದ್ರು?"

"ಬೀಳಲಿಲ್ಲ ಅಂತ."

ಅವನು ಮಗನನ್ನು ಮೇಲಿಂದ ಕೆಳಗೆ ನೋಡಿದ. "ನಡಿ," ಎಂದ, "ದೋಣಿಗೆ ಬೀಳದವನೇ ಬೇಕು."